ಮೇಲೆ ಐಸ್ ಕಟ್ಟುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಗ್ಯಾಸ್ ಹೋಗಿದೆ ಅಂತಾರೆ, ನಿಜಾನಾ?

ಸಿಂಧನೂರು ಅಕ್ಕ:

ಎಲ್ಲರಿಗೂ ನಮಸ್ಕಾರ. ಫ್ರಿಜ್ ರಿಪೇರಿ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ನಮ್ಮದು ಎರಡು ಬಾಗಿಲಿನದು, ಮೇಲೆ ಫ್ರೀಜರ್. ಫ್ರಾಸ್ಟ್ ಫ್ರೀ, ಅಂದರೆ ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುವಂಥದು. 250 ಲೀಟರ್ ಇರಬಹುದು. ಇನ್ವರ್ಟರ್ ಗಿನ್ವರ್ಟರ್ ಏನಿಲ್ಲ, ಹಳೇ ಮಾದರಿ. ವಾರಂಟಿ ಮುಗಿದು ಬಹಳ ವರ್ಷ ಆಯಿತು.

ಮೇಲೆ ಐಸ್ ಕಟ್ಟುತ್ತದೆ. ಟ್ರೇಯಲ್ಲಿ ನೀರಿಟ್ಟರೆ ಗಟ್ಟಿಯಾಗುತ್ತದೆ, ಮೊದಲಿಗಿಂತ ತಡ ಅಷ್ಟೇ. ಆದರೆ ಕೆಳಗಿನ ಖಾನೆಯಲ್ಲಿ ತಂಪು ಅನ್ನುವುದೇ ಇಲ್ಲ. ರಾತ್ರಿ ಕಾಯಿಸಿ, ಆರಿಸಿ ಇಟ್ಟ ಹಾಲು ಬೆಳಿಗ್ಗೆ ಚಹಾಕ್ಕೆ ಇಟ್ಟರೆ ಒಡೆಯುತ್ತದೆ. ಮೊಸರು ಬಾಯಿಗಿಡಲಾಗದಷ್ಟು ಹುಳಿ. ಪುಂಡಿಪಲ್ಯ, ಕೊತ್ತಂಬರಿ ಒಂದೇ ದಿನಕ್ಕೆ ಬಾಡುತ್ತವೆ. ಹೊರಗೆ 42 ಡಿಗ್ರಿ ಬಿಸಿಲು. ಫ್ರಿಜ್‌ನಲ್ಲಿ ಕೈಯಿಟ್ಟರೆ ಅಡುಗೆಮನೆಗಿಂತ ಸ್ವಲ್ಪ ವಾಸಿ ಅನ್ನಬಹುದು.

ಮೋಟಾರ್ ಮಾತ್ರ ನಿಲ್ಲುವುದೇ ಇಲ್ಲ. ಮೊದಲು ಸ್ವಲ್ಪ ಹೊತ್ತು ಓಡಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಈಗ ರಾತ್ರಿಯಿಡೀ ಓಡುತ್ತದೆ. ಕರೆಂಟ್ ಬಿಲ್ ನೋಡಿ ನಮ್ಮ ಯಜಮಾನರು ಮಾತೇ ಬಿಟ್ಟಿದ್ದಾರೆ.

ಒಬ್ಬ ಮೆಕ್ಯಾನಿಕ್ ಬಂದು, ಹಿಂದೆ ಕೈಯಿಟ್ಟು ನೋಡಿ, "ಗ್ಯಾಸ್ ಹೋಗಿದೆ, ₹3,500 ಆಗುತ್ತದೆ" ಅಂದರು. ಸ್ಕ್ರೂಡ್ರೈವರ್ ಚೀಲದಿಂದ ಹೊರಗೇ ತೆಗೆಯಲಿಲ್ಲ. ಇನ್ನೊಬ್ಬರಿಗೆ ಫೋನ್ ಮಾಡಿದರೆ ಅವರು ಅಲ್ಲಿಂದಲೇ "ಕಂಪ್ರೆಸರ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ನಮ್ಮ ಅತ್ತೆ, "ಮಣ್ಣಿನ ಗಡಿಗೆಯಲ್ಲಿ ಮೊಸರು ಇಡು, ಫ್ರಿಜ್ ಮಾರು" ಅಂತಾರೆ. ಯಾರ ಮಾತು ಕೇಳಲಿ?

ಹಾಂ, ಇನ್ನೊಂದು. ಯುಗಾದಿ ಆದಮೇಲೆ ತವರಿಗೆ ಹೋಗುವಾಗ ಫ್ರಿಜ್ ಖಾಲಿ ಮಾಡಿ, ಆಫ್ ಮಾಡಿ, ಬಾಗಿಲು ತೆರೆದಿಟ್ಟು ಹೋಗಿದ್ದೆವು. ಬಂದು ಹಾಕಿದ ಮೇಲೆ ಸುಮಾರು ಒಂದು ವಾರ ಹೊಸ ಫ್ರಿಜ್ ತರಹ ಇತ್ತು. ಆಮೇಲೆ ಮತ್ತೆ ಇದೇ ಕಥೆ. ಇದು ಏನಾದರೂ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಹೇಳಿದೆ.

ಒಗ್ಗರಣಿ ಮಿರ್ಚಿ, ರಾಯಚೂರು:

ಅಕ್ಕಾರೆ, ಗ್ಯಾಸೇ. ಅನುಮಾನ ಬೇಡ. ಐದು ವರ್ಷಕ್ಕೊಮ್ಮೆ ಎಲ್ಲಾ ಫ್ರಿಜ್‌ಗೂ ಗ್ಯಾಸ್ ತುಂಬಿಸಬೇಕು. ನಮ್ಮದಕ್ಕೂ ಹೋದ ಬೇಸಿಗೆಯಲ್ಲಿ ಹೀಗೇ ಆಗಿತ್ತು. ಅಂಗಡಿಯವರು ಫ್ರಿಜ್ ಒಯ್ದು, ಮರುದಿನ ತಂದುಕೊಟ್ಟರು. ಫಸ್ಟ್ ಕ್ಲಾಸ್ ಆಯಿತು. ₹3,500 ಜಾಸ್ತಿ ಏನಲ್ಲ, ಸ್ವಲ್ಪ ಚೌಕಾಸಿ ಮಾಡಿ 3,000ಕ್ಕೆ ಇಳಿಸಿ.

ಗಂಗಾವತಿ ಹುಡುಗ:

ಅಕ್ಕ, ಮೊದಲು ವೋಲ್ಟೇಜ್ ನೋಡಿ. ನಮ್ಮ ಓಣಿಯಲ್ಲಿ ಸಂಜೆ ಹೊತ್ತು 170ಕ್ಕೆ ಇಳಿಯುತ್ತದೆ. ಶಕ್ತಿನಗರ, ಕುಡತಿನಿ ಎರಡೂ ಕಡೆ ಕರೆಂಟ್ ತಯಾರಾಗುತ್ತದೆ, ನಡುವೆ ಇರುವ ನಮಗೆ ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ.

ನಮ್ಮದು ಒಂದೇ ಬಾಗಿಲಿನ ಫ್ರಿಜ್. ಕಂಪ್ರೆಸರ್ "ಹೂಂ" ಅಂತ ಕೆಲವು ಸೆಕೆಂಡ್ ಗುನುಗಿ "ಟಕ್" ಅಂತ ನಿಲ್ಲುತ್ತಿತ್ತು. ಮೂರು ನಿಮಿಷ ಬಿಟ್ಟು ಮತ್ತೆ ಹೂಂ, ಮತ್ತೆ ಟಕ್. ನಮಗೂ ಕಂಪ್ರೆಸರ್ ಹೋಗಿದೆ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಬಂದು ಕಂಪ್ರೆಸರ್ ಪಕ್ಕದ ರಿಲೇ, ಅಂದರೆ ಮೋಟಾರ್ ಹೊರಡಿಸುವ ಸ್ವಿಚ್, ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಏನೋ ಪುಡಿಯಾಗಿ ಗಲಗಲ ಅಂತು. ರಿಲೇ, ಮೋಟಾರ್ ಅತಿ ಕಾದರೆ ಕರೆಂಟ್ ಕಡಿಯುವ ಓವರ್‌ಲೋಡ್, ಎರಡೂ ಹೊಸದು ಹಾಕಿದರು. ಸ್ಟೆಬಿಲೈಸರ್ ಕೂರಿಸಿದೆವು. ಇಂದಿಗೂ ಓಡುತ್ತಿದೆ. ಕಂಪ್ರೆಸರ್ ಅಂದವರ ಬೆಲೆ ಎಷ್ಟಿತ್ತು ಅಂತ ಕೇಳಬೇಡಿ, ಹೇಳಿದರೆ ಸಿಟ್ಟು ಬರುತ್ತದೆ.

ಕೌಲ್ ಬಜಾರ್ ಫ್ರಿಜ್‌ವಾಲಾ, ಬಳ್ಳಾರಿ:

ಅಕ್ಕಾರೆ, ₹3,500 ಕೊಡಬೇಡಿ. ಈಗಲೇ ಬೇಡ. ನೀವು ಕೊನೆಗೆ "ಹಾಂ, ಇನ್ನೊಂದು" ಅಂತ ಬರೆದಿರಲ್ಲ, ಅದನ್ನು ಮೊದಲು ಹೇಳಬೇಕಿತ್ತು. ಕಾಯಿಲೆ ಅಲ್ಲೇ ಸಿಕ್ಕಿಬಿದ್ದಿದೆ.

ಆಫ್ ಮಾಡಿ ಬಾಗಿಲು ತೆರೆದಿಟ್ಟು ಹೋದಿರಿ. ಬಂದ ಮೇಲೆ ಒಂದು ವಾರ ಚೆನ್ನಾಗಿ ಓಡಿತು. ನೀವು ತವರಲ್ಲಿ ಇದ್ದಾಗ ಗ್ಯಾಸ್ ತಾನಾಗಿ ಬಂದು ತುಂಬಿಕೊಂಡಿತಾ? ಕೆಟ್ಟ ಕಂಪ್ರೆಸರ್ ವಿಶ್ರಾಂತಿ ತಗೊಂಡು ವಾಸಿಯಾಯಿತಾ? ಇಲ್ಲ ಅಲ್ವಾ? ಮತ್ತೆ ಏನಾಯಿತು? ಒಳಗೆ ಕಟ್ಟಿದ್ದ ಐಸ್ ಕರಗಿತು. ಅಷ್ಟೇ.

ನಿಮ್ಮಂಥ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಹುಟ್ಟುವ ಕಾಯಿಲ್ ಒಂದೇ. ಅದು ಫ್ರೀಜರ್ ಹಿಂದಿನ ಪ್ಲಾಸ್ಟಿಕ್ ಹಲಗೆಯ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್. ಆ ಫ್ಯಾನ್ ಕಾಯಿಲ್ ಮೇಲಿಂದ ಗಾಳಿ ಎಳೆದು ಫ್ರೀಜರ್‌ಗೆ ಬಿಡುತ್ತದೆ, ಒಂದು ಪಾಲನ್ನು ಕೆಳಗಿನ ಖಾನೆಗೆ ತಳ್ಳುತ್ತದೆ. ಕೆಳಗೆ ಸ್ವಂತ ತಂಪು ಇಲ್ಲ. ಮೇಲಿನಿಂದ ಬಂದರೆ ಉಂಟು, ಬರದಿದ್ದರೆ ಇಲ್ಲ.

ನೀವು ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವ ಒಳಗೆ ಹೋಗಿ ಆ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ಅದನ್ನು ಕರಗಿಸಲು ಕಾಯಿಲ್ ಕೆಳಗೆ ಒಂದು ಹೀಟರ್ ಇದೆ. ಹಳೇ ಮಾದರಿಯಲ್ಲಿ ಒಂದು ಟೈಮರ್, ಎಂಟು ಹನ್ನೆರಡು ಗಂಟೆಗೊಮ್ಮೆ ಕಂಪ್ರೆಸರ್ ನಿಲ್ಲಿಸಿ ಹೀಟರ್ ಹಾಕುತ್ತದೆ. ಇಪ್ಪತ್ತು, ಮೂವತ್ತು ನಿಮಿಷ. ಮಂಜು ಕರಗಿದ ನೀರು ಪೈಪಿನಲ್ಲಿ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಬೀಳುತ್ತದೆ, ಅಲ್ಲಿ ಬಿಸಿಗೆ ಆವಿಯಾಗುತ್ತದೆ. ಈ ಕರಗಿಸುವ ಕೆಲಸ ನಿಂತರೆ ಕಾಯಿಲ್ ಸುತ್ತ ಐಸ್ ಗೋಡೆಯಾಗುತ್ತದೆ. ಫ್ಯಾನ್ ಎಷ್ಟೇ ತಿರುಗಲಿ, ಗಾಳಿ ದಾಟುವುದಿಲ್ಲ. ಫ್ರೀಜರ್ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಇನ್ನೂ ಐಸ್ ಕಟ್ಟುತ್ತದೆ. ಕೆಳಗೆ ಹಾಲು ಒಡೆಯುತ್ತದೆ. ಥರ್ಮೋಸ್ಟಾಟ್‌ಗೆ ಬೇಕಾದ ತಂಪು ಸಿಗದೆ ಮೋಟಾರ್ ನಿಲ್ಲುವುದೇ ಇಲ್ಲ. ನೀವು ಬರೆದ ಮೂರೂ ಲಕ್ಷಣ ಇಲ್ಲೇ ಸೇರುತ್ತವೆ.

ಕರಗಿಸುವ ಸಾಲಿನಲ್ಲಿ ನಾಲ್ಕು ಸಾಮಾನು: ಟೈಮರ್, ಹೀಟರ್, ಮಂಜು ಕರಗಿದ ಮೇಲೆ ಹೀಟರ್ ನಿಲ್ಲಿಸುವ ಬೈಮೆಟಲ್, ಅತಿ ಕಾದರೆ ಸುಟ್ಟು ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್. ಒಂದು ಕೆಟ್ಟರೂ ಸಾಕು. ಯಾವುದು ಅಂತ ಮೀಟರ್ ಹಿಡಿದೇ ನೋಡಬೇಕು, ಹಿಂದೆ ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೂ ಮೊದಲು ನೀವೇ ಮಾಡಬಹುದಾದದ್ದು ಎರಡಿದೆ.

ಒಂದು, ಫ್ರೀಜರ್ ಒಳಗೆ ಅಥವಾ ಕೆಳಗಿನ ಖಾನೆಯ ಮೇಲ್ಭಾಗದಲ್ಲಿ ಎರಡನೇ ಗುಂಡಿ ಇದೆಯಾ ನೋಡಿ. ಬೇಸಿಗೆ ಬಂತು ಅಂತ ಎಲ್ಲರೂ ಫ್ರೀಜರ್ ಗುಂಡಿಯನ್ನು ಕೊನೆಗೆ ತಿರುಗಿಸುತ್ತಾರೆ. ಬಹಳ ಮಾದರಿಗಳಲ್ಲಿ ಅದು ತಂಪು ಹೆಚ್ಚಿಸುವ ಗುಂಡಿಯೇ ಅಲ್ಲ, ಗಾಳಿ ಹಂಚುವ ಬಾಗಿಲು. ಫ್ರೀಜರ್‌ಗೆ ಪೂರ್ತಿ ಕೊಟ್ಟರೆ ಕೆಳಗಿನ ದಾರಿ ಮುಚ್ಚಿಕೊಳ್ಳುತ್ತದೆ. ಮಧ್ಯಕ್ಕೆ ತನ್ನಿ. ನಾನು ಎಷ್ಟೋ ಮನೆಗೆ ಹೋಗಿ ಗುಂಡಿ ತಿರುಗಿಸಿ ಚಹಾ ಕುಡಿದು ಬಂದಿದ್ದೇನೆ.

ಎರಡು, ಫ್ಯಾನ್. ಫ್ರೀಜರ್ ಬಾಗಿಲು ತೆರೆದರೆ ಹೆಚ್ಚಿನ ಫ್ರಿಜ್‌ಗಳಲ್ಲಿ ಫ್ಯಾನ್ ನಿಲ್ಲುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಸ್ವಿಚ್ ಇರುತ್ತದೆ, ಬೆರಳಲ್ಲಿ ಒತ್ತಿ ಹಿಡಿಯಿರಿ. ಕಂಪ್ರೆಸರ್ ಓಡುತ್ತಿರುವಾಗ ಒತ್ತಬೇಕು. ಗಾಳಿ ಬಂದರೆ ಫ್ಯಾನ್ ಸರಿ. ಕಟಕಟ ಸದ್ದು ಬಂದರೆ ರೆಕ್ಕೆಗೆ ಐಸ್ ತಾಗುತ್ತಿದೆ. ಸದ್ದೇ ಇಲ್ಲ ಅಂದರೆ ಫ್ಯಾನ್ ಮೋಟಾರ್ ಅಥವಾ ಆ ಸ್ವಿಚ್ ನೋಡಬೇಕು.

ಒಗ್ಗರಣಿ ಮಿರ್ಚಿಯವರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಫ್ರಿಜ್ ಗ್ಯಾಸ್ ಸ್ಕೂಟರ್ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖಾಲಿ ಆಗಲು. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಇಪ್ಪತ್ತು ವರ್ಷ ಒಂದೇ ಗ್ಯಾಸ್‌ನಲ್ಲಿ ಓಡಿದ ಫ್ರಿಜ್ ನನ್ನ ಅಂಗಡಿಗೆ ಬಂದಿದೆ, ಅದೂ ಬಾಗಿಲ ರಬ್ಬರ್ ಬದಲಿಸಲು. ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿದರೆ ಅದು ಮತ್ತೆ ಹೋಗುತ್ತದೆ, ನಿಮ್ಮ ದುಡ್ಡಿನ ಜೊತೆಗೆ.

ಸಿಂಧನೂರು ಅಕ್ಕ:

ಅಣ್ಣಾರೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗುಂಡಿ ಮಧ್ಯದಲ್ಲೇ ಇದೆ. ಸ್ವಿಚ್ ಒತ್ತಿದರೆ ಫ್ಯಾನ್ ಸದ್ದು ಬರುತ್ತದೆ, ಆದರೆ ಗಾಳಿ ಬಹಳ ಕಡಿಮೆ. ಫ್ರೀಜರ್ ಹಿಂದಿನ ಹಲಗೆಯ ಮೇಲೆ ಒಂದು ಮೂಲೆಯಲ್ಲಿ ಬಿಳಿ ಮಂಜು ಉಬ್ಬಿದ ಹಾಗಿದೆ. ನಮ್ಮ ಹುಡುಗ ಐಟಿಐ ಓದುತ್ತಾನೆ, ಮೀಟರ್ ಇದೆ, ತಾನೇ ಬಿಚ್ಚುತ್ತೇನೆ ಅಂತ ಕುಣಿಯುತ್ತಿದ್ದಾನೆ. ಬಿಚ್ಚಲು ಬಿಡಲಾ? ಇನ್ನು ಗ್ಯಾಸ್ ನಿಜವಾಗಿ ಹೋಗಿದ್ದರೆ ಹೇಗೆ ಕಾಣುತ್ತದೆ?

ಕೌಲ್ ಬಜಾರ್ ಫ್ರಿಜ್‌ವಾಲಾ:

ಹಲಗೆ ಮೇಲೆ ಮಂಜು ಉಬ್ಬಿದೆ ಅಂದರೆ ಒಳಗೆ ತುಂಬಿ ಹೊರಗೆ ಬಂದಿದೆ. ಇನ್ನು ಸಂಶಯವೇ ಇಲ್ಲ.

ಹುಡುಗ ಬಿಚ್ಚಲಿ. ಪ್ಲಗ್ ಕಿತ್ತು ಬಿಚ್ಚಲಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಹಲಗೆಗೆ ಒಂದೆರಡು ಸ್ಕ್ರೂ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರಬಹುದು. ಐಸ್ ಹಿಡಿದಿದ್ದರೆ ಹಲಗೆ ಬರುವುದಿಲ್ಲ. ಎಳೆದರೆ ಮುರಿಯುತ್ತದೆ, ಆ ಹಲಗೆ ಬಿಡಿಯಾಗಿ ಸಿಗುವುದು ಕಷ್ಟ. ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು, ಟೇಬಲ್ ಫ್ಯಾನ್ ಹಚ್ಚಿ. ಸಿಂಧನೂರು ಬಿಸಿಲಿಗೆ ಬೇಗ ಸಡಿಲ ಆಗುತ್ತದೆ. ಕೆಳಗೆ ಹಳೇ ಟವೆಲ್ ಹಾಸಿ. ಹಿಂದಿನ ತಟ್ಟೆ ತುಂಬಿ ನೆಲಕ್ಕೆ ಚೆಲ್ಲಬಹುದು, ಅಲ್ಲೂ ಒಂದು ಬಟ್ಟೆ.

ಹಲಗೆ ಬಂದ ಮೇಲೆ ಪೂರ್ತಿ ಕರಗಿಸುವ ಮೊದಲು ಒಂದು ಫೋಟೋ ತೆಗೆಯಿರಿ. ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಕಾಯಿಲ್ ತುಂಬ, ಮೇಲಿಂದ ಕೆಳಗಿನವರೆಗೆ ದಪ್ಪ ಬಿಳಿ ಐಸ್ ಇದ್ದರೆ ಗ್ಯಾಸ್ ಸರಿ ಇದೆ, ಕರಗಿಸುವ ಸಾಲು ಕೆಟ್ಟಿದೆ. ಗ್ಯಾಸ್ ಕಡಿಮೆ ಇರುವ ಫ್ರಿಜ್‌ನಲ್ಲಿ ಹೀಗಿರುವುದಿಲ್ಲ. ಗ್ಯಾಸ್ ಒಳಗೆ ಬರುವ ಕಡೆಯ ಒಂದೆರಡು ಸುತ್ತಿಗೆ ಮಾತ್ರ ಮಂಜು, ಉಳಿದ ಪೈಪ್ ಬೋಳು. ಫ್ರೀಜರ್‌ನಲ್ಲೂ ಐಸ್ ಸರಿಯಾಗಿ ಕಟ್ಟುವುದಿಲ್ಲ, ಐಸ್‌ಕ್ರೀಮ್ ಮೆತ್ತಗಾಗುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಸೋಲುತ್ತದೆ. ಕಂಪ್ರೆಸರ್ ಓಡಿದರೂ ಹಿಂದಿನ ಜಾಲರಿ, ಅಥವಾ ಹೊಸ ಮಾದರಿಯಲ್ಲಿ ಪಕ್ಕದ ಗೋಡೆ, ಬಿಸಿಯೇ ಆಗುವುದಿಲ್ಲ. ಕ್ಲ್ಯಾಂಪ್ ಮೀಟರ್ ಹಾಕಿದರೆ ಆಂಪಿಯರ್ ಕಡಿಮೆ ತೋರಿಸುತ್ತದೆ, ಯಾಕೆಂದರೆ ಕಂಪ್ರೆಸರ್‌ಗೆ ತಳ್ಳಲು ಏನೂ ಇಲ್ಲ.

ಇನ್ನು ಮೀಟರ್ ಕೆಲಸ. ಇಲ್ಲಿ ಹೊಸ ಹುಡುಗರು ಜಾರುವ ಜಾಗ ಒಂದಿದೆ, ನಿಮ್ಮ ಮಗನಿಗೆ ಓದಿ ಹೇಳಿ. ಕಾಯಿಲ್ ಪೈಪಿಗೆ ಕ್ಲಿಪ್ ಹಾಕಿ ಕೂರಿಸಿದ ದುಂಡನೆಯ ಬಟ್ಟು ಬೈಮೆಟಲ್. ಅದು ಗಟ್ಟಿ ತಂಪಿನಲ್ಲಿ ಮಾತ್ರ ಕೂಡುತ್ತದೆ, ಅಂದರೆ ಕರೆಂಟ್ ದಾಟಿಸುತ್ತದೆ, ಬೆಚ್ಚಗಾದರೆ ಬಿಡುತ್ತದೆ. ಅದರ ಕೆಲಸವೇ ಅದು, ಮಂಜು ಕರಗಿದ ಮೇಲೆ ಹೀಟರ್ ನಿಲ್ಲಿಸುವುದು. ಎಲ್ಲ ಕರಗಿಸಿ, ಒರೆಸಿ, ಆರಾಮಾಗಿ ಕೂತು ಮೀಟರ್ ಹಿಡಿದರೆ ಅದು ಓಪನ್, ಅಂದರೆ ಕರೆಂಟ್ ದಾರಿ ಕಡಿದಿದೆ, ಅಂತಲೇ ತೋರಿಸುತ್ತದೆ. "ಬೈಮೆಟಲ್ ಹೋಗಿದೆ" ಅಂತ ಎಸೆಯುತ್ತಾರೆ. ಅದು ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಐಸ್ ಇರುವಾಗಲೇ ಮೊದಲು ಅದನ್ನು ನೋಡಲಿ. ಐಸ್‌ನಲ್ಲಿ ಹುದುಗಿದ್ದೂ ಓಪನ್ ಅಂದರೆ ನಿಜಕ್ಕೂ ಹೋಗಿದೆ.

ಥರ್ಮಲ್ ಫ್ಯೂಸ್ ಬೇರೆ. ಅದು ತಂಪಿರಲಿ, ಬೆಚ್ಚಗಿರಲಿ, ಯಾವಾಗಲೂ ಕೂಡಿರಬೇಕು. ಓಪನ್ ಅಂದರೆ ಸುಟ್ಟಿದೆ. ಹೀಟರ್ ಕೆಲವು ನೂರು ಓಮ್ ತೋರಿಸಬೇಕು. 150 ವಾಟ್ ಹೀಟರ್ ಆದರೆ ಲೆಕ್ಕಕ್ಕೆ ಸುಮಾರು 350 ಓಮ್. ಟೈಮರ್‌ಗೆ ಒಂದು ಸ್ಕ್ರೂ ತಲೆ ಇರುತ್ತದೆ. ಅದನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸುತ್ತ ಹೋದರೆ "ಟಕ್" ಅನ್ನುತ್ತದೆ, ಅಲ್ಲಿ ಕಂಪ್ರೆಸರ್ ನಿಂತು ಹೀಟರ್ ಬರಬೇಕು. ಟೈಮರ್ ಕೆಲವದರಲ್ಲಿ ಕೆಳಗಿನ ಖಾನೆಯ ಮೇಲ್ಗಡೆ, ಕೆಲವದರಲ್ಲಿ ಹಿಂದೆ ಕಂಪ್ರೆಸರ್ ಹತ್ತಿರ. ಈ ಟೈಮರ್ ಪರೀಕ್ಷೆಗೆ ಕರೆಂಟ್ ಬೇಕು, ಅದನ್ನು ಮೆಕ್ಯಾನಿಕ್ ಮಾಡಲಿ, ಹುಡುಗ ಪಕ್ಕದಲ್ಲಿ ನಿಂತು ನೋಡಲಿ.

ಫ್ಯೂಸ್ ಸುಟ್ಟಿದ್ದರೆ ಬರೀ ಫ್ಯೂಸ್ ಹಾಕಿ ಮುಚ್ಚಬೇಡಿ. ಬೈಮೆಟಲ್ ಬಿಡದೆ ಅಂಟಿಕೊಂಡು, ಹೀಟರ್ ವಿಪರೀತ ಕಾದಾಗಲೇ ಫ್ಯೂಸ್ ಹಾರುವುದು ಜಾಸ್ತಿ. ಎರಡೂ ಒಟ್ಟಿಗೆ ಬದಲಿಸಿ. ಬಹಳ ಕಡೆ ಜೋಡಿಯಾಗಿಯೇ ಸಿಗುತ್ತವೆ. ಫ್ಯೂಸ್ ಬೇಡ ಅಂತ ವೈರ್ ಸೇರಿಸಿ ಟೇಪ್ ಸುತ್ತುವವರೂ ಇದ್ದಾರೆ. ಅಂಥವರು ಬಂದರೆ ಚಹಾ ಕೊಟ್ಟು ಕಳಿಸಿ. ಪ್ಲಾಸ್ಟಿಕ್ ನಡುವೆ ತಡೆಯಿಲ್ಲದ ಹೀಟರ್ ಮನೆಗೆ ಬೆಂಕಿ.

ಹೊಸ ಫ್ರಿಜ್ ಇರುವವರು ಇದನ್ನು ಓದುತ್ತಿದ್ದರೆ: ನಿಮ್ಮದರಲ್ಲಿ ಟೈಮರ್ ಇರುವುದಿಲ್ಲ. ಸೆನ್ಸರ್ ಮತ್ತು ಬೋರ್ಡ್ ಆ ಕೆಲಸ ಮಾಡುತ್ತವೆ. ಇನ್ವರ್ಟರ್ ಕಂಪ್ರೆಸರ್‌ಗೆ ಗಂಗಾವತಿ ತಮ್ಮ ಹೇಳಿದ ರಿಲೇಯೂ ಇಲ್ಲ. ಅಲ್ಲಿ ಮೊದಲು ಬೋರ್ಡ್ ನೋಡಬೇಕು. ಬೋರ್ಡ್ ಮೇಲೆ ಹಲ್ಲಿ ಸತ್ತು ಬಿದ್ದದ್ದನ್ನು ತೆಗೆದರೆ ಅರ್ಧ ಕೆಲಸ ಮುಗಿದಂತೆ.

ಕೊಪ್ಪಳ ಗವಿಮಠ ರಸ್ತೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಒಂದೇ ಬಾಗಿಲಿನದು. ಫ್ರೀಜರ್‌ನಲ್ಲಿ ಐಸ್ ಎಷ್ಟು ಕಟ್ಟಿದೆ ಅಂದರೆ ಟ್ರೇ ಹೊರಗೇ ಬರುತ್ತಿಲ್ಲ. ಗುಂಡಿ ನಡುವಿನ, ಐಸ್ ಕರಗಿಸುವ ಬಟನ್ ಒತ್ತಿ ಸಾಕಾಯಿತು. ಚಾಕು ಹಾಕಿ ಮೀಟಬಹುದಾ? ಇನ್ನೊಂದು, ತರಕಾರಿ ಬುಟ್ಟಿ ಕೆಳಗೆ ದಿನಾ ನೀರು ನಿಲ್ಲುತ್ತದೆ.

ಕೌಲ್ ಬಜಾರ್ ಫ್ರಿಜ್‌ವಾಲಾ:

ಚಾಕು ಬೇಡವೇ ಬೇಡ! ನಿಮ್ಮ ಫ್ರೀಜರ್‌ನ ಗೋಡೆಯೇ ಕಾಯಿಲ್. ತೆಳು ಅಲ್ಯೂಮಿನಿಯಂ ಹಾಳೆ, ಒಳಗೆ ಗ್ಯಾಸ್ ಓಡುತ್ತಿದೆ. ಚಾಕು ತುದಿ ತಾಗಿದರೆ "ಸುಸ್" ಅಂತ ಸದ್ದು, ಅಲ್ಲಿಗೆ ಮುಗಿಯಿತು. ನನ್ನ ಹತ್ತಿರ ಬರುವ ಗ್ಯಾಸ್ ಲೀಕ್ ಕೇಸುಗಳಲ್ಲಿ ಚಾಕು, ಚಮಚ, ಸ್ಕ್ರೂಡ್ರೈವರ್‌ದೇ ದೊಡ್ಡ ಪಾಲು. ಹೆಚ್ಚಿನ ಹೊಸ ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಒಲೆ ಸಿಲಿಂಡರಿನ ಗ್ಯಾಸ್ ಕುಲದ್ದೇ, ಬೆಂಕಿ ಹಿಡಿಯುತ್ತದೆ. ಹಾಗೇನಾದರೂ ಆಗಿ ಸದ್ದು ಬಂದರೆ ಕಿಟಕಿ, ಬಾಗಿಲು ತೆರೆಯಿರಿ, ಒಲೆ ಹಚ್ಚಬೇಡಿ, ಫ್ರಿಜ್ ಸ್ವಿಚ್ ಮುಟ್ಟಬೇಡಿ. ಅದರಲ್ಲಿ ಗ್ಯಾಸ್ ಇರುವುದು ಬಹಳ ಕಡಿಮೆ, ಮನೆ ಫ್ರಿಜ್‌ಗೆ 40ರಿಂದ 60 ಗ್ರಾಂ ಆಸುಪಾಸು, ಗಾಳಿಯಾಡಿದರೆ ಹೋಗಿಬಿಡುತ್ತದೆ.

ನಿಮಗೆ ಬಟನ್ ಸಾಲದು. ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ಫ್ರೀಜರ್‌ನಲ್ಲಿ ಬಿಸಿನೀರಿನ ಪಾತ್ರೆ ಇಡಿ. ಐಸ್ ತಾನಾಗಿ ಕಳಚುತ್ತದೆ. ಮುಂದೆ ಬೆರಳು ದಪ್ಪ ಆಗುವ ಮೊದಲೇ ಬಟನ್ ಒತ್ತಿ.

ಇಷ್ಟು ಬೇಗ ಐಸ್ ಕಟ್ಟುತ್ತದೆ ಅಂದರೆ ಬಾಗಿಲ ರಬ್ಬರ್ ಸಡಿಲ ಇರಬಹುದು. ಒಂದು ಹತ್ತು ರೂಪಾಯಿ ನೋಟು ಬಾಗಿಲ ಸಂದಿಗೆ ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸರ್ರನೆ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ನಾಲ್ಕೂ ಬದಿ ನೋಡಿ. ಮೊದಲು ರಬ್ಬರ್‌ನ ಮಡಿಕೆಯಲ್ಲಿರುವ ಎಣ್ಣೆ ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆಯಿರಿ. ಆಮೇಲೆ ಬಿಸಿನೀರಿನ ಬಟ್ಟೆ ಒತ್ತಿದರೆ ಸೊಟ್ಟಗಾದ ರಬ್ಬರ್ ಎಷ್ಟೋ ಸಲ ನೆಟ್ಟಗಾಗುತ್ತದೆ. ಹರಿದಿದ್ದರೆ ಮಾತ್ರ ಹೊಸದು.

ಬುಟ್ಟಿ ಕೆಳಗಿನ ನೀರಿಗೆ ಗಾಬರಿ ಬೇಡ. ಹಿಂದಿನ ಗೋಡೆ ಕೆಳಗೆ ಒಂದು ಸಣ್ಣ ತೂತಿರುತ್ತದೆ, ಅದರಲ್ಲಿ ಕೊತ್ತಂಬರಿ ಎಲೆ ಸಿಕ್ಕಿರುತ್ತದೆ. ಸೂಜಿ ತೆಗೆದ ಸಿರಿಂಜಲ್ಲಿ ಉಗುರುಬೆಚ್ಚಗಿನ ನೀರು ಬಿಡಿ. ತಂತಿ ಚುಚ್ಚಬೇಡಿ.

ಒಗ್ಗರಣಿ ಮಿರ್ಚಿ, ರಾಯಚೂರು:

ಫ್ರಿಜ್‌ವಾಲಾ ಸರ್, ನೀವು ಏನೇ ಹೇಳಿ, ನಮ್ಮದು ಗ್ಯಾಸ್ ತುಂಬಿಸಿದ ಮೇಲೆ ಸರಿಯಾಯಿತಲ್ಲ? ಅದಕ್ಕೇನು ಅಂತೀರಿ?

ಕೌಲ್ ಬಜಾರ್ ಫ್ರಿಜ್‌ವಾಲಾ:

ನಿಮ್ಮದೂ ಎರಡು ಬಾಗಿಲಿನದಾ? ಅಂಗಡಿಗೆ ಒಯ್ದು ಮರುದಿನ ತಂದರು ಅಂದಿರಿ. ಆ ಒಂದು ದಿನ ಫ್ರಿಜ್ ಆಫ್ ಇತ್ತು. ರಾಯಚೂರಿನ ಬೇಸಿಗೆ. ಒಳಗಿನ ಐಸ್ ಉಳಿದಿರುತ್ತದಾ? ಗ್ಯಾಸ್ ತುಂಬಿದರೋ, ಸುಮ್ನೆ ಗೋಡೆ ಪಕ್ಕ ನಿಲ್ಲಿಸಿದ್ದರೋ, ಎರಡಕ್ಕೂ ಮರುದಿನ ಫ್ರಿಜ್ ಚೆನ್ನಾಗಿಯೇ ಓಡುತ್ತದೆ. ನಾನು ಅವರನ್ನು ಕಳ್ಳರು ಅನ್ನುವುದಿಲ್ಲ. ಲೀಕ್ ಎಲ್ಲಿತ್ತು, ಎಲ್ಲಿ ಬೆಸುಗೆ ಹಾಕಿದರು, ಫಿಲ್ಟರ್ ಬದಲಿಸಿದರಾ, ಪೈಪಿನೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಿದರು, ತೂಕದ ತಕ್ಕಡಿ ಇಟ್ಟು ತುಂಬಿದರಾ? ಇದನ್ನು ಕೇಳಿ. ಗ್ಯಾಸ್ ಎಷ್ಟು ಗ್ರಾಂ ಅಂತ ಫ್ರಿಜ್‌ನ ಲೇಬಲ್ ಮೇಲೆಯೇ ಬರೆದಿರುತ್ತದೆ. 50 ಗ್ರಾಂ ಹಿಡಿಯುವ ಕಡೆ ಅಂದಾಜಿಗೆ ತುಂಬಿದರೆ ಹತ್ತು ಗ್ರಾಂ ಹೆಚ್ಚುಕಡಿಮೆಯೂ ದೊಡ್ಡದು.

ಈಗ ಹೇಗಿದೆ ನಿಮ್ಮ ಫ್ರಿಜ್?

ಒಗ್ಗರಣಿ ಮಿರ್ಚಿ, ರಾಯಚೂರು:

ಆಮೇಲೆ ಒಂದು ಸಲ ಅವರೇ ಬಂದು ಸ್ವಲ್ಪ ಗ್ಯಾಸ್ ಟಾಪಪ್ ಮಾಡಿ ಹೋಗಿದ್ದಾರೆ. ಈಗ ಕೆಳಗೆ ತಂಪು ಕಡಿಮೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನಾಳೆ ಫ್ರೀಜರ್ ಹಲಗೆ ನೋಡುತ್ತೇನೆ ಬಿಡಿ.

ಗಂಗಾವತಿ ಹುಡುಗ:

😀 ಮಿರ್ಚಿ ಅಣ್ಣ, ಫೋಟೋ ಹಾಕಿ.

ಫ್ರಿಜ್‌ವಾಲಾ ಅಣ್ಣ, ನನ್ನದೂ ಒಂದು. ಬೇಸಿಗೆಯಲ್ಲಿ ಫ್ರಿಜ್ ಪಕ್ಕದ ಗೋಡೆ ಮುಟ್ಟಲಾಗದಷ್ಟು ಬಿಸಿ. ಅದೂ ಕಾಯಿಲೆನಾ? ಮತ್ತೆ ಸ್ಟೆಬಿಲೈಸರ್ ಎಂಥದ್ದು ಬೇಕು?

ಕೌಲ್ ಬಜಾರ್ ಫ್ರಿಜ್‌ವಾಲಾ:

ತಮ್ಮಾ, ಬಿಸಿಯಾದರೆ ಖುಷಿಪಡು. ಒಳಗಿನ ಶಾಖ ಅಲ್ಲಿಂದಲೇ ಹೊರಗೆ ಹೋಗಬೇಕು. ಹೊಸ ಮಾದರಿಯಲ್ಲಿ ಜಾಲರಿ ಪಕ್ಕದ ಗೋಡೆಯೊಳಗೇ ಇರುತ್ತದೆ. ಸುತ್ತ ನಾಲ್ಕು ಬೆರಳಾದರೂ ಜಾಗ ಬಿಡು, ಮೇಲೆ ಹೊದಿಕೆ ಇಳಿಬಿಡಬೇಡ, ಒಲೆ ಪಕ್ಕ ಇಡಬೇಡ. ಹಳೇ ಮಾದರಿಯಲ್ಲಿ ಹಿಂದಿನ ಕರಿ ಜಾಲರಿಯ ಧೂಳು ಬ್ರಷ್‌ನಲ್ಲಿ ತೆಗೆ. ಜಾಲರಿ ನೋಡಿ ನಾನು ಊರು ಹೇಳುತ್ತೇನೆ. ಸಂಡೂರು, ತೋರಣಗಲ್ಲು ಕಡೆಯದಾದರೆ ಕೆಂಪು ಧೂಳು. ನಿಮ್ಮ ಗಂಗಾವತಿ, ಸಿಂಧನೂರು ಕಡೆಯದಾದರೆ ರೈಸ್ ಮಿಲ್ಲಿನ ಬೂದಿ.

ಫ್ರಿಜ್ ಒಳಗಿನ ಲೇಬಲ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಇರುತ್ತದೆ, ನೋಡು. 'ಎನ್' ಅಂದರೆ ಸುತ್ತಲಿನ ಬಿಸಿ 32 ಡಿಗ್ರಿವರೆಗೆ, 'ಎಸ್‌ಟಿ' ಅಂದರೆ 38, 'ಟಿ' ಅಂದರೆ 43. ನಮ್ಮ ಮೂರು ಜಿಲ್ಲೆಗೆ 'ಟಿ'ಗಿಂತ ಕಡಿಮೆ ತಗೋಬಾರದು. ತಗಡಿನ ಶೀಟ್ ಕೆಳಗಿನ ಅಡುಗೆಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ 43 ದಾಟಿರುತ್ತದೆ. ಆಗ ಯಾವ ಫ್ರಿಜ್ ಆದರೂ ನಿಲ್ಲದೆ ಓಡುತ್ತದೆ, ಅದು ಕಾಯಿಲೆ ಅಲ್ಲ.

ಸ್ಟೆಬಿಲೈಸರ್ ತಗೊಳ್ಳುವಾಗ ಎಷ್ಟು ಕೆಳಗಿನ ವೋಲ್ಟೇಜ್‌ವರೆಗೆ ಎತ್ತುತ್ತದೆ ನೋಡು. ಕರೆಂಟ್ ಬಂದ ಮೇಲೆ ಮೂರು ನಿಮಿಷ ತಡೆದು ಬಿಡುವಂಥದ್ದೇ ಇರಲಿ. ಕಂಪ್ರೆಸರ್ ನಿಂತ ತಕ್ಷಣ ಒಳಗೆ ಒತ್ತಡ ಇಳಿದಿರುವುದಿಲ್ಲ, ಆಗ ಮತ್ತೆ ಹಾಕಿದರೆ ಎತ್ತಲಾಗದೆ ಒದ್ದಾಡುತ್ತದೆ. ಕಡಿಮೆ ವೋಲ್ಟೇಜ್‌ನದ್ದೂ ಅದೇ ಕಥೆ. 230 ಇರಬೇಕಾದ ಕಡೆ 170 ಬಂದರೆ ಮೋಟಾರ್ ಹೊರಡುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿನ್ನ ರಿಲೇ ಪುಡಿಯಾದದ್ದು ಅದಕ್ಕೇ ಇರಬೇಕು.

ಸಿಂಧನೂರು ಅಕ್ಕ:

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಹಲಗೆ ತೆಗೆದೆವು. ಒಳಗೆ ಐಸ್ ಬಂಡೆ! ಕಾಯಿಲ್ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಸಮ.

ಮಗ ಐಸ್ ಇರುವಾಗಲೇ ಬೈಮೆಟಲ್ ನೋಡಿದ, ಕೂಡಿತ್ತು. ಹೀಟರ್ 300 ಚಿಲ್ಲರೆ ಓಮ್. ಥರ್ಮಲ್ ಫ್ಯೂಸ್ ಓಪನ್. ಮೀಟರ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಹಿಡಿದು ನೋಡಿದ. ಓಪನ್ನೇ. ಎಲ್ಲ ಕರಗಿ ಒಣಗಿದ ಮೇಲೂ ಬೈಮೆಟಲ್ ಕೂಡಿಯೇ ಇತ್ತು. ನೀವು ಹೇಳಿದ ಹಾಗೆ ಅಂಟಿಕೊಂಡಿದೆ ಅಂತ ಅವನೇ ಕೂಗಿದ. ಮಾರ್ಕ್ಸ್ ಕಾರ್ಡ್ ಬಂದಾಗಲೂ ಇಷ್ಟು ಕುಣಿದಿರಲಿಲ್ಲ.

ಇಲ್ಲಿನ ಅಂಗಡಿಯಲ್ಲಿ ಎರಡೂ ಸೇರಿದ ಜೋಡಿ ಸಿಕ್ಕಿತು. ಹಳೇದನ್ನು ಒಯ್ದು, ಅದೇ ಅಳತೆಯದು ತಂದ. ಬೇರೆ ಮೆಕ್ಯಾನಿಕ್ ಒಬ್ಬರನ್ನು ಕರೆದು ಹಾಕಿಸಿದೆವು, ಟೈಮರ್ ತಿರುಗಿಸಿ ಹೀಟರ್ ಬರುತ್ತದೆ ಅಂತ ತೋರಿಸಿದರು. ಸಾಮಾನು, ಕೂಲಿ ಸೇರಿ ₹3,500ರ ಹತ್ತಿರಕ್ಕೂ ಹೋಗಲಿಲ್ಲ. ಎರಡು ವಾರ ದಾಟಿತು. ಮೊಸರು ಮೊಸರಿನ ರುಚಿಯಲ್ಲೇ ಇದೆ. ಮೋಟಾರ್ ನಡುನಡುವೆ ನಿಲ್ಲುತ್ತದೆ. ಗ್ಯಾಸ್ ಅಂದವರು ನಡುವೆ ಫೋನ್ ಮಾಡಿದ್ದರು, "3,000ಕ್ಕೆ ಮಾಡಿಕೊಡುತ್ತೇನೆ" ಅಂದರು.

ಒಂದೇ ಅನುಮಾನ ಅಣ್ಣಾರೆ. ದಿನಕ್ಕೆ ಒಂದೆರಡು ಸಲ ಫ್ರೀಜರ್ ಹಿಂದಿನಿಂದ "ಚುರ್" ಅಂತ ಸದ್ದು, ಆಗ ಮೋಟಾರ್ ಪೂರ್ತಿ ನಿಂತಿರುತ್ತದೆ. ಅತ್ತೆಗೆ ಹೆದರಿಕೆ.

ಕೌಲ್ ಬಜಾರ್ ಫ್ರಿಜ್‌ವಾಲಾ:

ಹೀಟರ್ ಮೇಲೆ ಕರಗಿದ ನೀರಿನ ಹನಿ ಬೀಳುವ ಸದ್ದು. ಬರಲೇಬೇಕು. ಅದು ನಿಂತರೆ ಬರೆಯಿರಿ. ಅತ್ತೆಗೆ ನನ್ನ ಸಲಾಂ ಹೇಳಿ, ಗಡಿಗೆ ಮೊಸರು ಮಾತ್ರ ಬಿಡಬೇಡಿ.